ಅಂತರ್ಜಾಲದ ವಿಳಾಸ ಮತ್ತು ಸದಸ್ಯರ ಕೀಲಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಬೀಜ, ಗೊಬ್ಬರ, ಸಾಲ, ವಸೂಲಿ ಇವುಗಳ ಬಗ್ಗೆ ಮಾತನಾಡುವ ಅನುಭವಿಗಳು ಬಹಳ ಮಂದಿ ಇದ್ದಾರೆ. ಮಂಡಳಿಯವರು ನಮಗೆ ಕೊಟ್ಟ ವಿಷಯ ಬೇರೆ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ 'ಲಾಗಿನ್' ಆಗುವುದು ಅಂದರೇನು, ಮನೆಯ 'ಐ.ಪಿ. ವಿಳಾಸ' ಅಂದರೇನು, ಅದು ಯಾಕೆ ಬದಲಾಗುತ್ತದೆ, ಬದಲಾದರೆ ನಮ್ಮ ಖಾತೆಗೆ ಏನಾಗುತ್ತದೆ ಎಂಬುದನ್ನು ತಿಳಿಯುವ ಹಾಗೆ ಹೇಳಬೇಕು ಎಂದಿದ್ದಾರೆ.

"ಇದೆಲ್ಲಾ ಬೆಂಗಳೂರು ಮಂದಿಗೆ ಇರಲಿ ಬಿಡ್ರಿ, ನಮಗ್ಯಾಕ?" ಎಂದು ಕೇಳುವವರಿದ್ದಾರೆ. ಕೇಳುವುದು ಸಹಜ. ಆದರೆ ನವಲಗುಂದದ ಹೆಸರು ಬೆಳೆಗಾರನಿಗೆ ಬೆಳೆ ವಿಮೆ ಬರುವುದು, ಕುಂದಗೋಳದ ಮೆಣಸಿನಕಾಯಿ ಬೆಳೆಗಾರನಿಗೆ ಋಣಭಾರ ಪ್ರಮಾಣಪತ್ರ ಸಿಗುವುದು, ಅಣ್ಣಿಗೇರಿಯ ಹತ್ತಿ ಮಾರಿದ ರೊಕ್ಕ ಖಾತೆಗೆ ಜಮಾ ಆಗುವುದು, ಕಲಘಟಗಿಯ ಭತ್ತದ ರೈತನ ಹೆಸರಿಗೆ ಸರ್ಕಾರದ ಸಹಾಯಧನ ಬೀಳುವುದು, ಇವೆಲ್ಲದರ ಹಿಂದೆ ಇಂದು ಎಲ್ಲೋ ಒಂದು ಕಡೆ ಲಾಗಿನ್ ಎಂಬ ಬಾಗಿಲಿದೆ. ಬಾಗಿಲು ನಮ್ಮದಾದ ಮೇಲೆ ಅದರ ಕೀಲಿಯ ಚಿಂತೆಯೂ ನಮ್ಮದೇ.

ಗುರುತು ಮೊದಲು ಹೇಗಿತ್ತು

ಭಾರತದ ಮೊದಲ ಸಹಕಾರ ಸಂಘವೆಂದು ಹೆಸರಾದ ಸಂಘ ಹುಟ್ಟಿದ್ದು ನಮ್ಮ ಮಗ್ಗುಲಿನ ಕಣಗಿನಹಾಳದಲ್ಲಿ. 1904ರಲ್ಲಿ ಕಾಯ್ದೆ ಬಂತು, 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ನೋಂದಣಿಯಾಯಿತು. ಆಗ ಅದು ಧಾರವಾಡ ಜಿಲ್ಲೆಯ ಊರು. 1997ರಲ್ಲಿ ಗದಗ ಬೇರೆ ಜಿಲ್ಲೆಯಾದಾಗ ಆ ಕಡೆಗೆ ಹೋಯಿತು. ಅಂಥ ಸಂಘಗಳ ಬಲ ಯಾವುದಿತ್ತು? ಸಾಲ ಕೇಳಲು ಬಂದವನ ಮುಖ ಎಲ್ಲರಿಗೂ ಗೊತ್ತು. ಅವನ ಹೊಲ ಯಾವುದು, ಎತ್ತು ಎಷ್ಟು, ನಡತೆ ಹೇಗೆ ಎಂಬುದು ಓಣಿಗೆಲ್ಲ ಗೊತ್ತು. ಅವನಿಗೆ ಜಾಮೀನು ನಿಲ್ಲುವವನೂ ಅದೇ ಓಣಿಯವನು. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತಿತ್ತು, ಯಾಕಂದ್ರ ನೋಡುವ ಕಣ್ಣು ಹತ್ತಾರು ಇದ್ದವು.

ಈಗ ಕಾಲ ಬದಲಾಗಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್ ತಿಂಗಳಲ್ಲಿ ಮಂಜೂರಾತಿ ಕೊಟ್ಟಿತು. ಆಗ ಇಟ್ಟುಕೊಂಡ ಗುರಿ 63,000 ಸಂಘಗಳು, ವೆಚ್ಚ 2,516 ಕೋಟಿ ರೂಪಾಯಿ. ಖತಾವಣಿ ಪುಸ್ತಕದ ಜಾಗಕ್ಕೆ ಗಣಕಯಂತ್ರ ಬಂದು ಕೂತಿತು. ಇದು ಒಳ್ಳೆಯದೇ. ಆದರೆ ಯಂತ್ರಕ್ಕೆ ನಮ್ಮ ಮುಖ ಗೊತ್ತಿಲ್ಲ, ನಮ್ಮ ಅಪ್ಪನ ಹೆಸರು ಹೇಳಿದರೂ ಅದಕ್ಕೆ ಭಿಡೆ ಇಲ್ಲ. ಸರಿಯಾದ ಹೆಸರು, ಸರಿಯಾದ ಗುಪ್ತಪದ ಒತ್ತಿದವನೇ ಅದರ ಪಾಲಿಗೆ ಸದಸ್ಯ. ಅವನು ಕಳ್ಳನಾದರೂ ಅಷ್ಟೇ.

ವಿಳಾಸ ಅಂದರೆ ಸಂತೆಯ ಜಾಗ

ಇನ್ನು ಐ.ಪಿ. ವಿಳಾಸದ ಮಾತು. ಅಂತರ್ಜಾಲದಲ್ಲಿ ಟಪಾಲು ಮುಟ್ಟಿಸಲು ಬೇಕಾದ ಸಂಖ್ಯೆಯೇ ಈ ವಿಳಾಸ. ನಾವು ಮನೆಯಲ್ಲಿ ಕೂತು ಹುಬ್ಬಳ್ಳಿ ಮಾರುಕಟ್ಟೆಯ ಧಾರಣೆ ಕೇಳಿದರೆ, ಉತ್ತರ ಎಲ್ಲಿಗೆ ಬರಬೇಕು ಎಂಬುದು ಈ ಸಂಖ್ಯೆಯಿಂದ ತಿಳಿಯುತ್ತದೆ. ಹಳೆಯ ಪದ್ಧತಿಯ ವಿಳಾಸದಲ್ಲಿ ನಡುವೆ ಚುಕ್ಕಿ ಇಟ್ಟು ಬರೆದ ನಾಲ್ಕು ಅಂಕಿಗಳು. ಒಂದೊಂದೂ 0ಯಿಂದ 255ರ ಒಳಗಿನದು. ಗುಣಿಸಿ ನೋಡಿದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳಾಗುತ್ತವೆ. ಜಗತ್ತಿನ ಜನಸಂಖ್ಯೆ 800 ಕೋಟಿ ದಾಟಿದೆ, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಯಂತ್ರ. ಸಾಲುವುದು ಹೇಗೆ? 2011ರ ಫೆಬ್ರುವರಿಯಲ್ಲಿಯೇ ಜಗತ್ತಿನ ಉಗ್ರಾಣದಲ್ಲಿದ್ದ ಕೊನೆಯ ಕಟ್ಟುಗಳನ್ನು ಹಂಚಿ ಮುಗಿಸಿದರು. ಬಹಳ ಉದ್ದದ ಸಂಖ್ಯೆಯ ಹೊಸ ಪದ್ಧತಿಯೂ ಬಂದಿದೆ. ಅದರಲ್ಲಿ ಕೊರತೆಯಿಲ್ಲ. ಆದರೆ ಹಳೆಯದೂ ಹೊಸದೂ ಈಗ ಒಟ್ಟೊಟ್ಟಿಗೆ ನಡೆದಿವೆ.

ಕೊರತೆ ಇದ್ದಾಗ ಏನು ಮಾಡುತ್ತಾರೆ? ಸಂತೆಯಲ್ಲಿ ಮಾಡಿದ ಹಾಗೆ ಮಾಡುತ್ತಾರೆ. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನಿಗೆ ಕಾಯಂ ಜಾಗ ಇರುವುದಿಲ್ಲ. ಈ ವಾರ ಬೇವಿನ ಗಿಡದ ಕೆಳಗೆ, ಮುಂದಿನ ವಾರ ಚಾವಡಿ ಮುಂದೆ. ಅವನು ಎದ್ದು ಹೋದರೆ ಅದೇ ಜಾಗದಲ್ಲಿ ಇನ್ನೊಬ್ಬ. ಇಂಟರ್‌ನೆಟ್ ಕಂಪನಿಯವರೂ ತಮ್ಮ ಹತ್ತಿರ ಇರುವ ವಿಳಾಸಗಳನ್ನು ಹೀಗೇ ಕೆಲವು ತಾಸು, ಕೆಲವು ದಿನ ಎಂದು ಬಾಡಿಗೆಗೆ ಕೊಟ್ಟ ಹಾಗೆ ಕೊಡುತ್ತಾರೆ. ಕರೆಂಟು ಹೋಗಿ ಮನೆಯ ರೌಟರ್ ಪೆಟ್ಟಿಗೆ ಬಂದ್ ಆಗಿ ಮತ್ತೆ ಹಚ್ಚಿದಾಗ ಹೊಸ ವಿಳಾಸ ಬರಬಹುದು. ಮನೆಯ ವೈಫೈ ಬಿಟ್ಟು ಹೊಲದ ಕಡೆ ಹೊರಟಾಗ ಮೊಬೈಲು ತನ್ನ ಸಿಮ್ಮಿನ ದಾರಿ ಹಿಡಿಯುತ್ತದೆ, ಆಗಲೂ ವಿಳಾಸ ಬೇರೆ. ನಮ್ಮ ಕಡೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂಬುದು ತಮಗೆ ಗೊತ್ತೇ ಇದೆ!

ಇನ್ನೊಂದು ಮಾತು. ಎಷ್ಟೋ ಕಂಪನಿಗಳು ನೂರಾರು ಗಿರಾಕಿಗಳನ್ನು ಒಂದೇ ಹೊರವಿಳಾಸದ ಹಿಂದೆ ಇಟ್ಟಿರುತ್ತವೆ. ಇದನ್ನು ಊರ ಅಗಸಿಗೆ ಹೋಲಿಸಬಹುದು. ಅಗಸಿಯ ಹೊರಗೆ ನಿಂತವನಿಗೆ ಅಗಸಿಯಿಂದ ಯಾರೋ ಬಂದರು ಅಂತಷ್ಟೇ ಕಾಣುತ್ತದೆ. ಯಾವ ಓಣಿಯವರು, ಯಾವ ಮನೆಯವರು ಅಂತ ಕಾಣುವುದಿಲ್ಲ. ಆದ್ದರಿಂದ ಐ.ಪಿ. ವಿಳಾಸವನ್ನು ಮನೆಯ ನಂಬರು ಎಂದು ತಿಳಿಯುವುದು ತಪ್ಪು. ಮನುಷ್ಯನ ಗುರುತು ಎಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ನಮ್ಮ ಸಹಕಾರಿ ಭಾಷೆಯಲ್ಲಿ ಹೇಳುವುದಾದರೆ, ವಿಳಾಸ ಸಾಕ್ಷಿ ಹೇಳಬಹುದು, ಜಾಮೀನು ನಿಲ್ಲಲಾರದು. ಇಂದಿನ ನಮ್ಮ ಮಾತಿನ ತಿರುಳು ಇಷ್ಟೇ.

ನಡುವೆ ಹೊರಗೆ ಹಾಕಿದರೆ

ಬೆಳೆ ವಿಮೆಯ ಅರ್ಜಿ ತುಂಬುತ್ತಿರುವಾಗ ಅರ್ಧಕ್ಕೇ 'ಮತ್ತೊಮ್ಮೆ ಲಾಗಿನ್ ಆಗಿರಿ' ಎಂದು ಪರದೆ ಕೇಳುವುದುಂಟು. ಬಹಳ ಮಂದಿ ಗಾಬರಿಯಾಗುತ್ತಾರೆ. ಕಾರಣ ಸರಳ ಇರಬಹುದು. ನಾವು ಗುಪ್ತಪದ ಕೊಟ್ಟು ಒಳಗೆ ಹೋದ ಕೂಡಲೇ ಜಾಲತಾಣ ನಮಗೊಂದು ಕಾಣದ ಚೀಟಿ ಕೊಡುತ್ತದೆ. ಒಂದೊಂದು ಪುಟಕ್ಕೂ ಮತ್ತೆ ಗುಪ್ತಪದ ಕೇಳದೆ ಆ ಚೀಟಿ ನೋಡಿಯೇ ಒಳಗೆ ಬಿಡುತ್ತದೆ. ಎಲ್ಲಾ ಚೀಟಿಗೂ ಅವಧಿ ಇರುತ್ತದೆ. ಕೆಲವು ಜಾಲತಾಣಗಳು ಚೀಟಿಯ ಜೊತೆಗೆ ವಿಳಾಸವನ್ನೂ ಬರೆದಿಟ್ಟುಕೊಳ್ಳುತ್ತವೆ. ಚೀಟಿ ಕದ್ದವನು ಬೇರೆ ಕಡೆಯಿಂದ ಬರಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ನಮ್ಮ ವಿಳಾಸ ನಡುವೆ ಬದಲಾದರೆ ನಾವೇ ಕಳ್ಳರಂತೆ ಕಂಡು ಹೊರಗೆ ಬೀಳುತ್ತೇವೆ.

ಇದಕ್ಕೆ ಮಾಡಬೇಕಾದದ್ದು: ಅರ್ಜಿ ಮುಗಿಯುವ ತನಕ ಒಂದೇ ಸಂಪರ್ಕದಲ್ಲಿ ಇರಬೇಕು, ವೈಫೈ ಆದರೆ ವೈಫೈ, ಸಿಮ್ ಆದರೆ ಸಿಮ್. ಹೊರಗೆ ಬಿದ್ದರೆ ಮೇಲಿನ ಪಟ್ಟಿಯಲ್ಲಿ ಜಾಲತಾಣದ ಹೆಸರು ಸರಿಯಾಗಿದೆಯೇ ನೋಡಿ ಮತ್ತೆ ಒಳಗೆ ಹೋಗಬೇಕು. "ನಿಮ್ಮ ಖಾತೆ ಬಂದ್ ಆಗೈತಿ, ಈ ಲಿಂಕ್ ಒತ್ತರಿ" ಎಂದು ಅದೇ ಹೊತ್ತಿಗೆ ಸಂದೇಶ ಬಂದರೆ ಅದನ್ನು ಒತ್ತಬಾರದು. ಸಿಟ್ಟಿಗೆದ್ದು ತಪ್ಪು ಗುಪ್ತಪದವನ್ನು ಹತ್ತು ಸಲ ಬಡಿಯಲೂ ಬಾರದು. ಹಾಗೆ ಬಡಿದರೆ ನಮ್ಮ ಖಾತೆಗೆ ಬೀಗ ಬೀಳುತ್ತದೆ. ಕೆಲವು ಕಡೆ ಆ ವಿಳಾಸಕ್ಕೇ ಬೀಗ ಬೀಳುತ್ತದೆ. ಆಗ ಒಬ್ಬನು ಮಾಡಿದ್ದಕ್ಕೆ ಅದೇ ಅಗಸಿಯ ಹಿಂದಿನವರೆಲ್ಲ ಹೊರಗೆ ನಿಲ್ಲಬೇಕಾಗುತ್ತದೆ.

ಕಾವೇರಿ ಕಲಿಸಿದ ಪಾಠ

ವಿಳಾಸ ನೋಡಿ ಕಳ್ಳನನ್ನು ತಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ 'ಕಾವೇರಿ 2.0' ತಂತ್ರಾಂಶ 2023ರಲ್ಲಿ ಬಂತು. ಹೊಲದ ಖರೀದಿ, ಋಣಭಾರ ಪ್ರಮಾಣಪತ್ರ ಎಲ್ಲ ಅದರ ಮೂಲಕವೇ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಅದರ ಮೇಲೆ ದಾಳಿ ನಡೆಯಿತು. ಜನವರಿಯ ಒಂದು ದಾಳಿಯಲ್ಲಿ ಎರಡು ತಾಸಿನೊಳಗೆ 6.2 ಲಕ್ಷ ಸುಳ್ಳು ಕೋರಿಕೆಗಳು ಬಂದು ಬಿದ್ದವು. ಅವು ಬಂದದ್ದು 62 ಇ-ಮೇಲ್ ಖಾತೆಗಳಿಂದ, 14 ಐ.ಪಿ. ವಿಳಾಸಗಳಿಂದ. ಬೆಂಗಳೂರಿನ ಸೈಬರ್ ಅಪರಾಧ ಠಾಣೆಯಲ್ಲಿ ದೂರು ದಾಖಲಾಯಿತು. ಫೆಬ್ರುವರಿಯ ಮೊದಲ ದಿನಗಳಲ್ಲಿ ರಾಜ್ಯದ ಉಪನೋಂದಣಿ ಕಚೇರಿಗಳ ಮುಂದೆ ಜನ ಕಾಯುತ್ತ ಕೂಡಬೇಕಾಯಿತು.

ಇದನ್ನು ಗಮನಿಸಿರಿ. ಆ ಕಳ್ಳರು ಗೋಡೆ ಒಡೆದು ಬರಲಿಲ್ಲ. ಖಾತೆ ತೆರೆದು, ಬಾಗಿಲಿನಿಂದಲೇ ಒಳಗೆ ಬಂದು, ಸುಳ್ಳು ಹುಡುಕಾಟದಿಂದ ಕಚೇರಿ ತುಂಬಿಸಿಬಿಟ್ಟರು. ಒಂದು ವಿಳಾಸಕ್ಕೆ ಬೀಗ ಹಾಕಿದರೆ ಇನ್ನೊಂದರಿಂದ ಬರುತ್ತಾರೆ, ವಿಳಾಸಗಳು ಬಾಡಿಗೆಗೆ ಸಿಗುತ್ತವೆ, ಹೊರದೇಶದ್ದೂ ಸಿಗುತ್ತವೆ. ಆದ್ದರಿಂದ ಒಂದು ಖಾತೆಯಿಂದ ಎಷ್ಟು ಕೋರಿಕೆ ಬರಬಹುದು ಎಂಬ ಮಿತಿ, ಖಾತೆ ತೆರೆಯುವಾಗಲೇ ಗಟ್ಟಿ ತಪಾಸಣೆ, ಒಳಗೆ ಬಂದವರ ಮೇಲೆ ಕಣ್ಣು ಇವೆಲ್ಲ ಬೇಕು. ವಿಳಾಸ ಆ ಹತ್ತು ಸಾಕ್ಷಿಗಳಲ್ಲಿ ಒಂದು ಮಾತ್ರ.

ಎಚ್ಚರಿಕೆಯ ಸಂದೇಶ ಓದುವ ಬಗೆ

'ನಿಮ್ಮ ಖಾತೆಗೆ ಬೆಂಗಳೂರಿನಿಂದ ಪ್ರವೇಶವಾಗಿದೆ' ಎಂಬ ಸಂದೇಶ ಕುಂದಗೋಳದಲ್ಲಿ ಕೂತವರಿಗೆ ಬರಬಹುದು. ವಿಳಾಸದಿಂದ ಊರು ಹೇಳುವುದು ಅಂದಾಜಿನ ಲೆಕ್ಕ. ಕಂಪನಿಯ ದೊಡ್ಡ ಯಂತ್ರ ಯಾವ ಪಟ್ಟಣದಲ್ಲಿದೆಯೋ ಆ ಹೆಸರೇ ಬರುವುದುಂಟು. ಹಾಗಂತ ಸಂದೇಶವನ್ನು ಕಡೆಗಣಿಸಲೂ ಬಾರದು. ಊರಿನ ಹೆಸರಿಗಿಂತ ಎರಡು ಸಂಗತಿ ನೋಡಬೇಕು: ಹೊತ್ತು ಯಾವುದು, ಯಂತ್ರ ಯಾವುದು. ನಾವು ಲಾಗಿನ್ ಆದ ಹೊತ್ತೇ ಆಗಿದ್ದು, ನಮ್ಮ ಮೊಬೈಲಿನ ಹೆಸರೇ ಇದ್ದರೆ ಚಿಂತೆಯಿಲ್ಲ. ನಾವು ಮಲಗಿದ ಹೊತ್ತಿನಲ್ಲಿ, ನಮ್ಮದಲ್ಲದ ಯಂತ್ರದಿಂದ ಆಗಿದ್ದರೆ ಕೂಡಲೇ ಗುಪ್ತಪದ ಬದಲಿಸಿ, 'ಎಲ್ಲಾ ಕಡೆಯಿಂದ ಹೊರಬನ್ನಿ' ಎಂಬ ಆಯ್ಕೆ ಒತ್ತಬೇಕು. ಬರೀ ಗುಪ್ತಪದ ಬದಲಿಸಿದರೆ, ಕಳ್ಳನ ಕೈಯಲ್ಲಿದ್ದ ಹಳೆಯ ಚೀಟಿ ಇನ್ನೂ ನಡೆಯಬಹುದು.

ಒಂದು ಕೀಲಿ ಸಾಲದು ಎಂದೇ ಎರಡನೆಯ ಮೆಟ್ಟಿಲು ಬಂದಿದೆ. ಗುಪ್ತಪದ ಒಂದು, ಮೊಬೈಲಿಗೆ ಬರುವ ಓ.ಟಿ.ಪಿ. ಅಥವಾ ಬೇರೆ ಗುರುತು ಇನ್ನೊಂದು. ಡಿಜಿಟಲ್ ಹಣಪಾವತಿಗೆ ಕನಿಷ್ಠ ಎರಡು ಗುರುತು ಇರಲೇಬೇಕೆಂಬ ನಿರ್ದೇಶನವನ್ನು ರಿಜರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಹೊರಡಿಸಿ, 2026ರ ಏಪ್ರಿಲ್ 1ನ್ನು ಜಾರಿಯ ದಿನವೆಂದು ಗೊತ್ತುಮಾಡಿತು. ವ್ಯವಹಾರ ನಡೆದ ಜಾಗ, ಯಂತ್ರ, ಗಿರಾಕಿಯ ರೂಢಿ ಇವುಗಳನ್ನು ನೋಡಿ ಸಂಶಯ ಬಂದರೆ ಹೆಚ್ಚಿನ ತಪಾಸಣೆ ಮಾಡಬಹುದೆಂದೂ ಅದರಲ್ಲಿದೆ. ಅಲ್ಲಿಯೂ ಜಾಗ ಸಾಕ್ಷಿಯೇ ಹೊರತು ಜಾಮೀನಲ್ಲ.

ಓ.ಟಿ.ಪಿ. ಯಾರ ಮೊಬೈಲಿಗೆ ಬರುತ್ತದೆ?

ಈಗ ಸ್ವಲ್ಪ ಕಟುವಾದ ಮಾತು. ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಸದಸ್ಯರ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಅವರದಲ್ಲ. ಅರ್ಜಿ ತುಂಬಿದ ಅಂಗಡಿಯವನದು, ಪಟ್ಟಣದಲ್ಲಿರುವ ಮಗನದು, ಇಲ್ಲವೆ ಎಂದೋ ಬಂದ್ ಆದ ಸಿಮ್ಮಿನದು. ಬಂದ್ ಆದ ನಂಬರನ್ನು ಕಂಪನಿಯವರು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುತ್ತಾರೆ. ಆಗ ನಮ್ಮ ಓ.ಟಿ.ಪಿ. ಗುರುತಿಲ್ಲದವರ ಕೈಗೆ ಹೋಗುತ್ತದೆ. ಅಂಗಡಿಯವರು ಒಳ್ಳೆಯವರೇ ಇರಲಿ, ಸಹಾಯ ಮಾಡಿದವರೇ ಇರಲಿ. ಕೀಲಿ ಮಾತ್ರ ಮಾಲೀಕನ ಹತ್ತಿರ ಇರಬೇಕು. ಮನೆಯ ಕೀಲಿಯನ್ನು ಒಳ್ಳೆಯವರೆಂದು ಸಂತೆಯಲ್ಲಿ ಯಾರಿಗಾದರೂ ಕೊಟ್ಟು ಬರುತ್ತೇವೇನು?

ತಾಯಂದಿರಿಗೆ ವಿಶೇಷವಾಗಿ ಹೇಳುತ್ತೇವೆ. ಗಂಡ ತೀರಿಕೊಂಡ ಮೇಲೆ ಹೊಲ, ಖಾತೆ ಹೆಸರಿಗೆ ಬಂದಿರುತ್ತದೆ, ನಂಬರು ಮಾತ್ರ ಹಳೆಯದೇ ಉಳಿದಿರುತ್ತದೆ. ಪಿಂಚಣಿ ಬಂತೋ, ಸಹಾಯಧನ ಬಂತೋ, ಯಾರಾದರೂ ತೆಗೆದರೋ ಒಂದೂ ತಿಳಿಯುವುದಿಲ್ಲ. "ನನಗ ಓದಾಕ ಬರೂದಿಲ್ಲೋ ತಮ್ಮಾ" ಎನ್ನುವ ಅವ್ವಂದಿರೂ ತಮ್ಮ ಹೆಸರಿನ ಸಿಮ್ಮು, ತಮ್ಮ ಕೈಯಲ್ಲಿ ಒಂದು ಸಾದಾ ಫೋನು ಇಟ್ಟುಕೊಂಡರೆ ಸಂದೇಶವನ್ನು ಮೊಮ್ಮಗಳಿಂದಾದರೂ ಓದಿಸಬಹುದು. ಆದರೆ ಫೋನಿನಲ್ಲಿ ಕೇಳಿದವರಿಗೆ ಆ ಅಂಕಿಗಳನ್ನು ಹೇಳಬಾರದು. ಬ್ಯಾಂಕಿನವರೆಂದರೂ ಇಲ್ಲ, ಪೊಲೀಸರೆಂದರೂ ಇಲ್ಲ.

ಬೆರಳಿನ ಮಾತೂ ಇದೆ. ವಿಳಾಸ ತಾನೇ ಬದಲಾಗುತ್ತದೆ, ಗುಪ್ತಪದವನ್ನು ನಾವು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. 2023ರಲ್ಲಿ ನಮ್ಮ ರಾಜ್ಯದಲ್ಲಿ, ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಆಧಾರ್ ಮೂಲಕ ರೊಕ್ಕ ತೆಗೆದ ದೂರುಗಳು ಬಂದವು. ಬಳಸದ ಹೊತ್ತಿನಲ್ಲಿ ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರ್ ಪ್ರಾಧಿಕಾರದ ಆಪ್‌ನಲ್ಲಿಯೂ ಜಾಲತಾಣದಲ್ಲಿಯೂ ಇದೆ. ರೇಷನ್ ತರುವ ಮುಂಚೆ ತೆಗೆದು, ತಂದ ಮೇಲೆ ಮತ್ತೆ ಹಾಕಿದರಾಯಿತು.

ಸಂಘದ ಕಚೇರಿಯೊಳಗೆ

ಮನೆಗೆ ಬದಲಾಗುವ ವಿಳಾಸ ಸಾಕು. ಆದರೆ ಸಂಘದ ಕಚೇರಿಗೆ ಹೆಚ್ಚಿನ ಶುಲ್ಕ ಕೊಟ್ಟು ಕಾಯಂ ವಿಳಾಸ ಪಡೆಯಬಹುದು. 'ಈ ವಿಳಾಸದಿಂದ ಬಂದರೆ ಮಾತ್ರ ಒಳಗೆ ಬಿಡು' ಎಂದು ತಂತ್ರಾಂಶಕ್ಕೆ ಹೇಳಿಡಬಹುದು. ಆಗ ಗುಪ್ತಪದ ಕದ್ದವನು ದೂರದೂರಿನಿಂದ ಬಾಗಿಲು ತಟ್ಟಿದರೂ ಒಳಗೆ ಬರಲಾರ. ಇದು ಒಳ್ಳೆಯ ಬೇಲಿ. ಆದರೆ ಬೇಲಿಯೊಳಗಿನ ಯಂತ್ರದಲ್ಲಿಯೇ ದುಷ್ಟ ತಂತ್ರಾಂಶ ಸೇರಿಕೊಂಡರೆ, ಗುಪ್ತಪದವನ್ನು ಬರೆದು ಕಂಪ್ಯೂಟರಿನ ಮೈಗೇ ಅಂಟಿಸಿದ್ದರೆ, ಆ ಬೇಲಿ ಏನು ಕಾಯುತ್ತದೆ?

2025ರ ಜನವರಿಯಲ್ಲಿ ಹೊಸಪೇಟೆಯ ಬಳ್ಳಾರಿ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನಿಂದ ಗಿರಾಕಿಗಳು ಬೇರೆ ಖಾತೆಗಳಿಗೆ ಕಳಿಸಿದ ಸುಮಾರು 2.34 ಕೋಟಿ ರೂಪಾಯಿ ದಾರಿ ತಪ್ಪಿ ಹೋಯಿತು. ಹಣ ವರ್ಗಾವಣೆಯ ಕಡತದಲ್ಲಿ ಹೆಸರು ಹಾಗೇ ಇಟ್ಟು, ಖಾತೆ ಸಂಖ್ಯೆ ಮತ್ತು ಬ್ಯಾಂಕಿನ ಸಂಕೇತ ಬದಲಿಸಿದ್ದರು. ರೊಕ್ಕ ಮುಟ್ಟಲಿಲ್ಲ ಎಂದು ಗಿರಾಕಿಗಳು ಕೇಳಿದಾಗ ಸಂಗತಿ ಬೆಳಕಿಗೆ ಬಂತು. ಕಳಿಸಿದ ಮೇಲೂ ತಾಳೆ ನೋಡಬೇಕು ಎಂಬುದು ಇದರ ಪಾಠ.

ಚೆಕ್ಕಿನ ಮೇಲೆ ಕಾರ್ಯದರ್ಶಿಯ ಸಹಿ, ಅಧ್ಯಕ್ಷರ ಸಹಿ ಎರಡೂ ಬೇಕೆಂಬ ನಿಯಮವನ್ನು ನಮ್ಮ ಹಿರಿಯರು ಯಾಕೆ ಮಾಡಿದರು? ಯಾರ ಮೇಲೂ ಅಪನಂಬಿಕೆಯಿಂದಲ್ಲ. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು. ಗಣಕದಲ್ಲೂ ಅದೇ ನಿಯಮ ಇರಬೇಕು. ನಮೂದು ಮಾಡುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು, ಇಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಗುಪ್ತಪದ. ಒಂದೇ ಲಾಗಿನ್ನಿನಲ್ಲಿ ನಾಲ್ಕು ಮಂದಿ ಕೆಲಸ ಮಾಡಿದರೆ ತಪ್ಪು ಮಾಡಿದವರು ಯಾರೆಂದು ತಿಳಿಯುವುದಿಲ್ಲ, ತಪ್ಪು ಮಾಡದವರ ಮೇಲೂ ಮಾತು ಬರುತ್ತದೆ. ಸಿಬ್ಬಂದಿಯ ಮಾನ ಕಾಯುವುದಕ್ಕೂ ಈ ನಿಯಮ ಬೇಕು.

ಗೋದಾಮಿಗೆ ಹಾಕಿದ ಸಿ.ಸಿ. ಕ್ಯಾಮೆರಾ, ಮನೆಯ ರೌಟರ್ ಇವುಗಳಿಗೂ ಒಂದೊಂದು ಲಾಗಿನ್ ಇದೆ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಹಾಗೇ ಬಿಟ್ಟ ಕ್ಯಾಮೆರಾಗಳನ್ನು ಲೆಕ್ಕವಿಲ್ಲದಷ್ಟು ಒಟ್ಟುಗೂಡಿಸಿ 2016ರ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಕೆಲವು ತಾಸು ನಿಲ್ಲಿಸಿಬಿಟ್ಟಿದ್ದರು. 'ಮಿರಾಯ್' ಎಂದು ಆ ತಂತ್ರಾಂಶದ ಹೆಸರು. ವಿಳಾಸ ಬದಲಾಗುತ್ತಿದೆ, ನಮ್ಮನ್ನು ಯಾರು ಹುಡುಕುತ್ತಾರೆ ಎಂದು ಸುಮ್ಮನಿರಬಾರದು. ಕಳ್ಳರು ಹೆಸರು ಹಿಡಿದು ಹುಡುಕುವುದಿಲ್ಲ. ಅವರ ಯಂತ್ರ ಸಾಲಾಗಿ ಎಲ್ಲಾ ಕದಗಳನ್ನೂ ತಳ್ಳಿ ನೋಡುತ್ತ ಹೋಗುತ್ತದೆ.

ಆಗಬಾರದ್ದು ಆದರೆ

ರೊಕ್ಕ ಹೋದದ್ದು ತಿಳಿದ ಕೂಡಲೇ 1930 ನಂಬರಿಗೆ ಫೋನ್ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯೂ ಇದೆ. "ಮಂದಿ ನಗತಾರ" ಎಂದು ನಾಚಿ ಎರಡು ದಿನ ಸುಮ್ಮನೆ ಕೂಡಬಾರದು. ಮೊದಲ ತಾಸುಗಳಲ್ಲಿ ಹೇಳಿದರೆ ರೊಕ್ಕವನ್ನು ದಾರಿಯಲ್ಲಿಯೇ ತಡೆಯುವ ಅವಕಾಶ ಹೆಚ್ಚು. ಸಂದೇಶಗಳನ್ನು ಅಳಿಸಬಾರದು. ಹೊತ್ತನ್ನು ನಿಮಿಷ, ಸೆಕೆಂಡಿನ ಸಮೇತ ಬರೆದಿಡಬೇಕು. ಯಾಕಂದ್ರ ಒಂದೇ ವಿಳಾಸ ಆ ಹೊತ್ತಿಗೆ ಒಬ್ಬರದು, ಮುಂದಿನ ಹೊತ್ತಿಗೆ ಇನ್ನೊಬ್ಬರದು. ಹೊತ್ತು ತಿಳಿಯದೆ ಬರೀ ವಿಳಾಸ ಹಿಡಿದು ಹೋದರೆ ಪೊಲೀಸರು ನಿರಪರಾಧಿಯ ಮನೆ ಮುಂದೆ ನಿಲ್ಲಬೇಕಾದೀತು. ಸಂಸ್ಥೆಗಳಿಗೂ ನಿಯಮವಿದೆ. ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದಂತೆ ಇಂಥ ಘಟನೆಯನ್ನು ಆರು ತಾಸಿನೊಳಗೆ ವರದಿ ಮಾಡಬೇಕು, ಗಣಕದ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು.

ರಜತ ಮಹೋತ್ಸವದ ನೆನಪಿಗೆ ಮಂಡಳಿಯವರ ಮುಂದೆ ಮೂರು ಬೇಡಿಕೆ ಇಡುತ್ತೇವೆ. ಒಂದು, ತಿಂಗಳಿಗೊಂದು ದಿನ ಗೊತ್ತುಮಾಡಿ ಪ್ರತಿಯೊಬ್ಬ ಸದಸ್ಯರ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಅವರದೇ ಹೌದೋ ಅಲ್ಲವೋ ಎಂದು ತಪಾಸಣೆ ಮಾಡಬೇಕು. ವಯಸ್ಸಾದವರಿಂದ, ವಿಧವೆಯರಿಂದ ಆರಂಭವಾಗಲಿ. ಎರಡು, ಕಚೇರಿಯಲ್ಲಿ ಒಬ್ಬರಿಗೆ ಒಂದು ಲಾಗಿನ್, ಹಣದ ವ್ಯವಹಾರಕ್ಕೆ ಇಬ್ಬರ ಒಪ್ಪಿಗೆ ಎಂದು ಠರಾವು ಆಗಬೇಕು. ಮೂರು, 1930 ಎಂಬ ನಂಬರನ್ನು ಕಚೇರಿಯ ಗೋಡೆಯ ಮೇಲೆ ದೂರದಿಂದ ಕಾಣುವ ಹಾಗೆ ಬರೆಯಿಸಬೇಕು. ಖರ್ಚು ಬಹಳಿಲ್ಲ, ಮನಸ್ಸು ಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಮಾತು ನಮ್ಮ ಸಂಘಕ್ಕೆ ಬರಬಾರದು.

ಕಣಗಿನಹಾಳದ ಹಿರಿಯರ ಕಾಲದಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಂತದ್ದರಿಂದ ಸಹಕಾರ ಬೆಳೆಯಿತು. ಇಂದು ಒಬ್ಬರ ಕೀಲಿಯನ್ನು ಒಬ್ಬರು ಕೇಳದಿರುವುದು, ಕೀಲಿ ಕಾಯಲು ಬಾರದವರಿಗೆ ಕಲಿಸುವುದು ಅದೇ ಜಾಮೀನಿನ ಹೊಸ ರೂಪ. 

ಜೈ ಸಹಕಾರ!